ಪರದೆಯ ದಾರಿಯಿಂದ ಬಂದವರು

ಮುಂಬಯಿಯ ಮಾಟುಂಗಾದಲ್ಲಿ ನಾವು ಕನ್ನಡದ ಗೆಳೆಯರು ಸೇರಿ, ವಿಜ್ಞಾನ ಕಥೆಗಳ ಮಾತು ಬಂದಾಗಲೆಲ್ಲ ಯಾರಾದರೂ ನನ್ನನ್ನು ಕೇಳುತ್ತಾರೆ: "ಬರೀ ಸಿನಿಮಾ, ಧಾರಾವಾಹಿ ನೋಡಿದವರನ್ನೂ ಅಭಿಮಾನಿಗಳೆಂದು ಒಪ್ಪುತ್ತೀರಾ?" ಕಿಂಗ್ಸ್ ಸರ್ಕಲ್ ಫುಟ್‌ಪಾತಿನಿಂದ ಹಳೆಯ ಪುಸ್ತಕಗಳನ್ನು ಹೊತ್ತು ತರುವ ನಾನು ಇಲ್ಲವೆನ್ನುತ್ತೇನೆ ಎಂದು ಅವರ ಎಣಿಕೆ. ಒಪ್ಪುತ್ತೇನೆ, ತುಂಬು ಮನಸ್ಸಿನಿಂದ.

ಈ ತಾತ್ಸಾರ ಹುಟ್ಟಿದ್ದು ನಮ್ಮಲ್ಲಲ್ಲ. ಅಮೆರಿಕದಲ್ಲಿ ವಿಜ್ಞಾನ ಕಥೆಗಳ ಅಭಿಮಾನಿ ಫಾರೆಸ್ಟ್ ಆಕರ್‌ಮನ್ 1954ರಲ್ಲಿ ಸೈನ್ಸ್ ಫಿಕ್ಷನ್‌ಗೆ 'ಸೈ-ಫೈ' ಎಂಬ ಚುಟುಕು ಪದ ತಂದರು. ಓದುಗರಲ್ಲಿ ಹಲವರು ಅದನ್ನು ಅಗ್ಗದ ಸಿನಿಮಾಗಳಿಗೆ ಅಂಟಿಸಿ, 'ಸ್ಕಿಫಿ' ಎಂದು ಹಂಗಿಸಿದರು. 1966ರಲ್ಲಿ ಸ್ಟಾರ್ ಟ್ರೆಕ್ ಎಂಬ ಟಿವಿ ಧಾರಾವಾಹಿ ಶುರುವಾದ ಮೇಲೆ ಬಂದ ಹೊಸಬರನ್ನು ಹಳಬರಲ್ಲಿ ಅನೇಕರು ಹೊರಗಿನವರಂತೆ ಕಂಡರು. ಆ ಧಾರಾವಾಹಿಗೆ ಕಥೆ ಬರೆದವರಲ್ಲಿ ಥಿಯೊಡರ್ ಸ್ಟರ್ಜನ್, ಹಾರ್ಲನ್ ಎಲಿಸನ್ ಇದ್ದರು. ಓದುಗರೇ ಮೆಚ್ಚಿದ್ದ ಲೇಖಕರು! ಧಾರಾವಾಹಿ ನಿಲ್ಲುವ ಭೀತಿ ಎದುರಾದಾಗ ಪತ್ರ ಚಳವಳಿ ನಡೆಸಿದ ಬೀಜೋ ಟ್ರಿಂಬಲ್ ಕೂಡ ಓದುಗರ ಬಳಗದಲ್ಲೇ ಬೆಳೆದವರು. ಗೋಡೆ ಎಲ್ಲಿತ್ತು ಹೇಳಿ?

ಅನ್ಯಗ್ರಹದವರ ಭಾಷೆ ಕಲಿತು ಮುಂದಾಗುವುದನ್ನು ಕಾಣತೊಡಗುವ ಭಾಷಾತಜ್ಞೆಯೊಬ್ಬಳ ಸಿನಿಮಾ 'ಅರೈವಲ್' ಅನ್ನು ನನ್ನ ತಂಗಿಯ ಮಗಳು ನೋಡಿ ಬಂದು ರಾತ್ರಿಯೆಲ್ಲ ಅದರದೇ ಮಾತಾಡಿದಳು. ಅದರ ಮೂಲವಾದ ಟೆಡ್ ಚಿಯಾಂಗ್ ಅವರ 1998ರ ಕಥೆಯನ್ನು ಕೊಟ್ಟೆ. ಡೊಂಬಿವಿಲಿ ಲೋಕಲ್‌ನಲ್ಲಿ ನಿಂತುಕೊಂಡೇ ಓದಿ ಮುಗಿಸಿದಳು. ಆಮೇಲೆ ನಮ್ಮಿಬ್ಬರಿಗೂ ಜಗಳ. ಕಥೆಯಲ್ಲಿ ಆ ಭಾಷಾತಜ್ಞೆಯ ಮಗಳು ಇಪ್ಪತ್ತೈದರಲ್ಲಿ ಬಂಡೆ ಏರುವಾಗ ಬಿದ್ದು ಸಾಯುತ್ತಾಳೆ, ಸಿನಿಮಾದಲ್ಲಿ ಕಾಯಿಲೆಯಿಂದ. ಅಪಘಾತವನ್ನು ತಾಯಿ ಒಂದು ಮಾತಿನಿಂದ ತಡೆಯಬಹುದಿತ್ತಲ್ಲ, ಎಲ್ಲ ಗೊತ್ತಿದ್ದೂ ಆಕೆ ಸುಮ್ಮನಿರುವುದೇ ಕಥೆಯ ಜೀವ, ಸಿನಿಮಾ ಅದನ್ನು ಸಡಿಲಿಸಿತು ಎಂದು ನಾನು. ಈ ವಿಷಯದಲ್ಲಿ ಈಗಲೂ ಸೋಲುವುದಿಲ್ಲ. ಆದರೆ ಮಂಜಿನಲ್ಲಿ ಹೊಗೆಯಂತೆ ಅರಳುವ, ಅನ್ಯಗ್ರಹದವರ ಆ ವೃತ್ತಾಕಾರದ ಲಿಪಿಯನ್ನು ಅವಳು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದಳು. ಹತ್ತಾರು ಸಲ ಓದಿದ್ದರೂ ನನಗೆ ಅದು ಹಾಗೆ ಕಂಡಿರಲಿಲ್ಲ.

ನಾರಳೀಕರರಂತಹ ಖಗೋಳ ವಿಜ್ಞಾನಿ 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಸ್ಪರ್ಧೆಗೆ ಗುಪ್ತನಾಮದಲ್ಲಿ ಕಥೆ ಕಳಿಸಿದರು. ಹೆಸರು ನೋಡದೆ ಕಥೆಯನ್ನಷ್ಟೇ ತೂಗಲಿ ಎಂಬ ಆಸೆ ಅವರದು. ಅಭಿಮಾನಿಗಳನ್ನೂ ಹಾಗೆಯೇ ಬರಮಾಡಿಕೊಂಡರೆ ಏನು ನಷ್ಟ? ಕನ್ನಡದಲ್ಲಿ ಈ ಕಥೆಗಳನ್ನು ಓದುವವರೇ ಕಡಿಮೆ. ಬಾಗಿಲಲ್ಲಿ ಕಾವಲು ಕೂರುವಷ್ಟು ಜನ ನಮ್ಮಲ್ಲೆಲ್ಲಿದ್ದಾರೆ!

ಅತಿ ಕಡಿಮೆ ಸಮಯ ಹಿಡಿಯುವ ದಾರಿಯಲ್ಲೇ ಬೆಳಕು ಸಾಗುತ್ತದೆ ಎಂಬ ಗಣಿತಜ್ಞ ಫರ್ಮಾನ ತತ್ವ 'ಅರೈವಲ್' ಸಿನಿಮಾದಲ್ಲಿ ಇಲ್ಲ, ಚಿಯಾಂಗ್ ಅವರ ಕಥೆಯಲ್ಲಿದೆ. ಮೊನ್ನೆ ತಂಗಿಯ ಮಗಳು ನೀರಿನ ಲೋಟದಲ್ಲಿ ಚಮಚ ನಿಲ್ಲಿಸಿ, ಅದು ಮುರಿದಂತೆ ಕಾಣುವುದನ್ನು ನೋಡುತ್ತಾ ಕೇಳಿದಳು: "ಮಾವ, ತಲುಪುವ ಜಾಗ ಬೆಳಕಿಗೆ ಮೊದಲೇ ಗೊತ್ತಿರುತ್ತದೆಯೇ?"