ಬಾನೆಟ್ ಮೇಲಿನ ಕಲೆ: ಮೇಲಿದೆಯಾ, ಒಳಗಿಳಿದಿದೆಯಾ?

ಬೆಂಗಳೂರು, 12 ಏಪ್ರಿಲ್ 2025, ಶನಿವಾರ

ಕಪ್ಪು ಮೆಟಾಲಿಕ್ ಕಾರು, ಆರು ವರ್ಷ ಹಳೆಯದು. ನಿಲ್ಲುವುದು ಗಸಗಸೆ ಹಣ್ಣಿನ ಮರದ ಕೆಳಗೆ, ತೊಳೆಯುವುದು ಬೋರ್‌ವೆಲ್ ನೀರಲ್ಲಿ. ಬಾನೆಟ್ ತುಂಬ ಬಿಳಿ ಉಂಗುರಗಳು, ನಾಲ್ಕೈದು ಕಡೆ ಮಬ್ಬು ಮಚ್ಚೆ, ಟಾರ್ಚ್ ಬಿಟ್ಟರೆ ಜೇಡರ ಬಲೆಯಂಥ ಗೀರು. "ಒಂದ್ಸಲ ರಬ್ಬಿಂಗ್ ಹೊಡೆದ್ರೆ ಎಲ್ಲ ಹೋಗುತ್ತೆ" ಅನ್ನುವ ಮಾತು ಇಂಥ ಕಾರಿನ ಜೊತೆಗೇ ಬರುತ್ತದೆ. ಹೋಗುತ್ತೆ ನಿಜ, ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಕೂಡ ಹೋಗುತ್ತೆ.

ಕಂಪನಿ ಪೇಂಟ್ ಪ್ರೈಮರ್ ಸಮೇತ ಸಾಮಾನ್ಯವಾಗಿ 90ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಮೇಲಿನ ಕ್ಲಿಯರ್ ಅದರಲ್ಲಿ 35–50, ತಲೆಗೂದಲಿಗಿಂತ ತೆಳು. ರಬ್ಬಿಂಗ್‌ಗೆ ಬಳಸುವ ಒರಟು ಪೇಸ್ಟ್, ಅಂದರೆ ಗಟ್ಟಿ ಕಾಂಪೌಂಡ್, ಒಂದು ಸುತ್ತಿಗೆ 1ರಿಂದ 3 ಮೈಕ್ರಾನ್ ತಿನ್ನುತ್ತದೆ. ಕಾರಿನ ಇಡೀ ಆಯುಸ್ಸಿನಲ್ಲಿ ಎಂಟು ಹತ್ತು ಮೈಕ್ರಾನ್‌ಗಿಂತ ಹೆಚ್ಚು ತೆಗೆಯಬಾರದು ಎಂದಿಟ್ಟುಕೊಂಡರೆ ಕ್ಷೇಮ. ಅದಕ್ಕೇ ಪಾಲಿಶ್ ಮೆಷಿನ್‌ಗಿಂತ ಮೊದಲು ಪೇಂಟ್ ದಪ್ಪ ಅಳೆಯುವ ಮೀಟರ್. ಬಾನೆಟ್ ಮಧ್ಯೆ 112–118 ಬಂತು, ಮೂಲ ಪೇಂಟೇ. ಎಡ ಫೆಂಡರ್ 240: ಯಾವಾಗಲೋ ಮರುಪೇಂಟ್ ಆಗಿದೆ. 400, 500 ದಾಟಿದ್ದರೆ ಒಳಗೆ ತಗ್ಗು ತುಂಬುವ ಪುಟ್ಟಿ ಇದೆ ಎಂದು ಅನುಮಾನಿಸಬೇಕು. ಪ್ಲಾಸ್ಟಿಕ್ ಬಂಪರ್ ಮೇಲೆ ಮಾಮೂಲಿ ಮೀಟರ್ ಏನೂ ಹೇಳುವುದಿಲ್ಲ, ಅದಕ್ಕೆ ಕೆಳಗೆ ಲೋಹ ಬೇಕು.

ತೊಳೆದು, ಅಂಟಿದ ಕೊಳೆ ಎತ್ತುವ ಜೇಡಿಯಂಥ ಕ್ಲೇ ಉಜ್ಜಿದ ಮೇಲೆ ಮೂರು ಪರೀಕ್ಷೆ. ಗೀರಿನ ಮೇಲೆ ನೀರು ಸವರಿ: ಒದ್ದೆಯಿರುವಷ್ಟು ಹೊತ್ತು ಮಾಯವಾದರೆ ಅದು ಕ್ಲಿಯರ್‌ನಲ್ಲೇ ಇದೆ. ಉಗುರು ಅಡ್ಡ ಎಳೆಯಿರಿ: ಸಿಕ್ಕಿಕೊಂಡರೆ ಪಾಲಿಶ್‌ನಿಂದ ಪೂರ್ತಿ ಹೋಗುವ ಮಾತಿಲ್ಲ, ಅಂಚು ಮೆದುವಾಗಿ ಕಣ್ಣಿಗೆ ಕಡಿಮೆ ಬೀಳುತ್ತದೆ ಅಷ್ಟೆ. ಮೂರನೆಯದು ಉಂಗುರಗಳಿಗೆ: ಬಿಳಿ ವಿನೆಗರ್ ಒಂದು ಪಾಲು, ನೀರು ಒಂದು ಪಾಲು, ಬಟ್ಟೆಯಲ್ಲಿ ಅದ್ದಿ ತಣ್ಣಗಿರುವ ಬಾನೆಟ್ ಮೇಲೆ ಒಂದೆರಡು ನಿಮಿಷ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಬರೀ ಮೇಲೆ ಕೂತಿದ್ದರೆ ಕರಗಿ ಬರುತ್ತದೆ. ಒಣಗಲು ಬಿಡದೆ ಶಾಂಪೂ ನೀರಲ್ಲಿ ತೊಳೆಯಬೇಕು. ಇವತ್ತು ಮುಕ್ಕಾಲು ಪಾಲು ಉಂಗುರ ಇಷ್ಟಕ್ಕೇ ಹೋಯಿತು. ಉಳಿದವಕ್ಕೆ ಬಿಳಿ ಹೋಗಿ ಉಂಗುರದ ಆಕಾರ ಉಳಿದಿದೆ, ಅಂದರೆ ಉಪ್ಪಿನಂಶ ಕ್ಲಿಯರ್ ಅನ್ನು ಕೊರೆದಾಗಿದೆ. ಅಲ್ಲಿ ಇನ್ನಷ್ಟು ವಿನೆಗರ್ ಉಜ್ಜಿ ಫಲವಿಲ್ಲ.

ಮಬ್ಬು ಮಚ್ಚೆಗಳು ಹಕ್ಕಿ, ಬಾವಲಿ ಹಿಕ್ಕೆಯವು. ಆಮ್ಲ ಒಂದು ಕಾರಣ, ಬಿಸಿಲು ಇನ್ನೊಂದು. ಮಧ್ಯಾಹ್ನ ಕಾದ ಕ್ಲಿಯರ್ ಮೆದುವಾಗಿ ಹಿಗ್ಗುತ್ತದೆ, ಸಂಜೆ ಕುಗ್ಗುವಾಗ ಒಣಗಿದ ಹಿಕ್ಕೆಯ ಅಚ್ಚನ್ನೇ ಹಿಡಿದುಬಿಡುತ್ತದೆ. ಒಣ ಬಟ್ಟೆಯಲ್ಲಿ ಕೆರೆದರೆ ಅದರೊಳಗಿನ ಬೀಜ, ಮಣ್ಣು ಸೇರಿ ಗೀರು ಉಚಿತ. ಹತ್ತು ನಿಮಿಷ ಒದ್ದೆ ಟಿಶ್ಯೂ ಹೊದಿಸಿ, ನೆನೆದ ಮೇಲೆ ಎತ್ತಿ ತೆಗೆಯುವುದೇ ಸರಿ.

ಮೆಷಿನ್ ಕೆಲಸ ಮೆದು ಪ್ಯಾಡ್, ಫೈನ್ ಪಾಲಿಶ್‌ನಿಂದ ಶುರು. ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ. ಪ್ಯಾಡ್ ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಮೆಷಿನ್, 5 ಇಂಚಿನ ಪ್ಯಾಡ್, ಬಟಾಣಿ ಗಾತ್ರದ ನಾಲ್ಕು ಬೊಟ್ಟು, ಒಂದೂವರೆ ಅಡಿ ಚೌಕ, ಸ್ಪೀಡ್ 4–5. ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಸುತ್ತು, ಸೆಕೆಂಡಿಗೆ ಒಂದಿಂಚು. ಅವಸರದಲ್ಲಿ ಕೈ ಓಡಿದರೆ ಹೊಳಪು ಬರುತ್ತದೆ, ಕಲೆ ಕದಲುವುದಿಲ್ಲ. ಪ್ರತಿ ಚೌಕಕ್ಕೂ ಪ್ಯಾಡ್ ಅನ್ನು ಬ್ರಷ್‌ನಿಂದ ಝಾಡಿಸಲೇಬೇಕು. ಕಿತ್ತು ಬಂದ ಕ್ಲಿಯರ್ ಮತ್ತು ಒಣಗಿದ ಕಾಂಪೌಂಡ್ ಉಂಡೆಯಾಗಿ ಹೊಸ ಗೀರು ಹಾಕುತ್ತವೆ. ಬಿಳಿ ಪ್ಯಾಡ್‌ಗೆ ಕಾರಿನ ಬಣ್ಣ ಹತ್ತಿದರೆ ತಕ್ಷಣ ನಿಲ್ಲಿಸಿ. ಒಂದೋ ಅದು ಕ್ಲಿಯರ್ ಇಲ್ಲದ ಸಿಂಗಲ್ ಸ್ಟೇಜ್ ಪೇಂಟ್, ಇಲ್ಲವೇ ಕ್ಲಿಯರ್ ಮುಗಿದಿದೆ. ಮೆಟಾಲಿಕ್‌ನಲ್ಲಿ ಮೊದಲ ಸಾಧ್ಯತೆಯನ್ನು ನಂಬಿ ಕೂರುವಂತಿಲ್ಲ.

ಜೇಡರ ಬಲೆ ಹೋಯಿತು. ಹಿಕ್ಕೆ ಮಚ್ಚೆಗಳಲ್ಲಿ ಎರಡು ಜಗ್ಗಲಿಲ್ಲ. ಒಂದಕ್ಕೆ ವಾಟರ್ ಪೇಪರ್ (ಒದ್ದೆಯಲ್ಲಿ ಉಜ್ಜುವ ನುಣುಪು ಉಪ್ಪುಕಾಗದ): 2000 ನಂಬರ್, ಹತ್ತು ನಿಮಿಷ ನೆನೆಸಿ, ಎರಡು ಹನಿ ಶಾಂಪೂ ಹಾಕಿದ ನೀರಲ್ಲಿ, ಚಿಕ್ಕ ರಬ್ಬರ್ ಬ್ಲಾಕ್ ಕೆಳಗೆ. ಬೆರಳಿನಿಂದ ಒತ್ತಿದರೆ ಕಾಲುವೆ ಬೀಳುತ್ತದೆ. ಎಂಟು ಹತ್ತು ಎಳೆತ, ಒರೆಸಿ ಒಣಗಿಸಿ ನೋಡುವುದು. ಸುತ್ತ ಮಂಕಾಗಿ ನಡುವೆ ಹೊಳೆಯುವ ಚುಕ್ಕೆ ಉಳಿದಿದ್ದರೆ ತಗ್ಗು ಇನ್ನೂ ಇದೆ. ಆ ಚುಕ್ಕೆ ಪೂರ್ತಿ ಅಳಿಯುವ ತನಕ ಉಜ್ಜುವ ಹಟ ಬೇಡ, ಮೀಟರ್ ನೋಡುತ್ತಿರಿ. 114 ಇದ್ದದ್ದು 110ಕ್ಕೆ ಇಳಿದಾಗ ನಿಲ್ಲಿಸಿ, 3000 ನಂಬರ್ ಅಡ್ಡ ದಿಕ್ಕಿಗೆ, ನಂತರ ಕಾಂಪೌಂಡ್, ಕೊನೆಗೆ ಪಾಲಿಶ್: 107. ಬಾನೆಟ್‌ನ ಏಣು, ಅಂಚುಗಳಿಗೆ ಮೊದಲೇ ಮಾಸ್ಕಿಂಗ್ ಟೇಪ್. ಅಲ್ಲಿ ಕ್ಲಿಯರ್ ತೆಳು, ಪ್ಯಾಡ್‌ನ ಒತ್ತಡವೆಲ್ಲ ಒಂದು ಗೆರೆಯ ಮೇಲೆ. ಪೇಂಟ್ ಸುಡುವುದು ಹೆಚ್ಚಾಗಿ ಅಲ್ಲೇ.

ಎರಡನೇ ಮಚ್ಚೆಯನ್ನು ಲೆನ್ಸ್‌ನಲ್ಲಿ ನೋಡಿದರೆ ಸಣ್ಣ ಬಿರುಕುಗಳು. ಮುಟ್ಟಲಿಲ್ಲ. ಬಿರುಕು ಎಷ್ಟು ಆಳವೋ ಅಷ್ಟು ಉಜ್ಜಿದರೆ ಕ್ಲಿಯರೇ ಇರುವುದಿಲ್ಲ.

ರೂಫ್ ಹಿಂಭಾಗದಲ್ಲಿ ಅಂಗೈಯಗಲ ಬೆಳ್ಳಗೆ ಪೊರೆ ಏಳುತ್ತಿದೆ. ಇದಕ್ಕೆ ಬಫಿಂಗ್, ಅಂದರೆ ಮೆಷಿನ್ ಪಾಲಿಶ್, ಔಷಧಿಯೇ ಅಲ್ಲ. ಸ್ಪ್ರೇ ಡಬ್ಬಿಯ ಕ್ಲಿಯರ್ ಹೊಡೆದರೆ ಹಳೆ ಪೊರೆಯ ಅಂಚು ಹೊಸದನ್ನೂ ಸೇರಿಸಿಕೊಂಡು ಮತ್ತೆ ಏಳುತ್ತದೆ. ಇಡೀ ರೂಫ್ ಉಜ್ಜಿ, ಬಣ್ಣದ ಬೇಸ್ ಕೋಟ್, ಆಮೇಲೆ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿದ ಕ್ಲಿಯರ್ ಎರಡು ಕೋಟ್. ನಡುವೆ ಡಬ್ಬಿಯ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ, ಕಾಯದಿದ್ದರೆ ಒಳಗಿನ ಥಿನ್ನರ್ ಹೊರಬರುವಾಗ ಸೂಜಿಮೊನೆಯಂಥ ತೂತು ಬೀಳುತ್ತದೆ. ಹಾರ್ಡನರ್‌ನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಐಸೋಸಯನೇಟ್ ಇರುತ್ತದೆ; ಮೂಗಿಗೆ ಕರ್ಚೀಫ್ ಕಟ್ಟಿ ಮನೆ ಶೆಡ್‌ನಲ್ಲಿ ಹೊಡೆಯುವ ಕೆಲಸ ಇದಲ್ಲ, ಬೂತ್ ಇರುವ ಪೇಂಟರ್‌ಗೇ ಕೊಡಿ.

13 ಏಪ್ರಿಲ್, ಭಾನುವಾರ ಬೆಳಗ್ಗೆ

ಪಾಲಿಶ್‌ನ ಎಣ್ಣೆ ಸಣ್ಣ ಗೀರುಗಳನ್ನು ತುಂಬಿ ಮುಚ್ಚಿಡುತ್ತದೆ. ರಸ್ತೆಬದಿಯ ಬಫಿಂಗ್ ಎರಡು ವಾಷ್‌ಗೆ ಅಸಲಿ ರೂಪ ತೋರಿಸುವುದೂ ಇದಕ್ಕೇ: ಎಣ್ಣೆ ಹೋದಾಗ ಒಂದೇ ಸುತ್ತಿನಲ್ಲಿ ತಿರುಗುವ ರೋಟರಿ ಮೆಷಿನ್ ಬಿಟ್ಟುಹೋದ ಹೊಗೆಯಂಥ ಸುಳಿಗಳು ಬಿಸಿಲಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲಿಗೆ ನೀರು ನಾಲ್ಕು ಪಾಲು ಬೆರೆಸಿ ಒರೆಸಿ, ಎಳೆ ಬಿಸಿಲಿಗೆ ಕಾರು ತಂದದ್ದು. ಬಾನೆಟ್‌ನ ಬಲ ಮೂಲೆಯಲ್ಲಿ ತೆಳು ಮಂಜು. 3000 ನಂಬರ್ ಪೇಪರ್‌ನ ಗುರುತು ಪೂರ್ತಿ ಹೋಗಿರಲಿಲ್ಲ. ಫೈನ್ ಪಾಲಿಶ್, ಮೆದು ಪ್ಯಾಡ್, ಸ್ಪೀಡ್ 3, ಇನ್ನೊಂದು ಸುತ್ತು. ಆಮೇಲೆ ಪೇಂಟ್ ಕಾಯುವ ಲೇಪ, ಸೀಲಂಟ್.

ಮಧ್ಯದ ರೀಡಿಂಗ್ ಈಗ 110–116, ಪೇಪರ್ ಹಾಕಿದ ಜಾಗ 106. ಅಗ್ಗದ ಮೀಟರ್ ಒಂದೆರಡು ಮೈಕ್ರಾನ್ ಅತ್ತಿತ್ತ ಹೇಳುತ್ತದೆ, ಆದರೂ ಅಂಕಿಗಳನ್ನು ಸರ್ವಿಸ್ ಬುಕ್‌ನ ಕೊನೆ ಪುಟಕ್ಕೆ ಬರೆದಿದೆ, ಪೇಪರ್ ಹಾಕಿದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಮುಂದಿನ ಸಲ ಮೆಷಿನ್ ಹಿಡಿಯುವವರು ಅಲ್ಲಿಗೆ ಕಾಂಪೌಂಡ್ ತಾಗಿಸಬಾರದು.