‘ಇದು ಹುಚ್ಚರಿಗಲ್ಲ’ ಅಂದುಬಿಟ್ಟಿದ್ದೆ

ಬಳ್ಳಾರಿಯ ಒಂದು ಪಿಜಿ ಕಾಲೇಜಿನಲ್ಲಿ ಕೌನ್ಸೆಲರ್ ಆಗಿದ್ದೇನೆ. ಹೋದ ಮಾರ್ಚ್‌ನಲ್ಲಿ ಆಡಿದ ಒಂದು ಮಾತು ಇನ್ನೂ ಚುಚ್ಚುತ್ತದೆ.

ಅವತ್ತು ಮೈಂಡ್‌ಫುಲ್‌ನೆಸ್ ಸೆಷನ್, ಅಂದರೆ ಉಸಿರು, ಯೋಚನೆಗಳನ್ನು ಸುಮ್ಮನೆ ಗಮನಿಸೋ ಅಭ್ಯಾಸ. ಸೆಮಿನಾರ್ ಹಾಲ್‌ನಲ್ಲಿ 60 ಮಕ್ಕಳು, ಎರಡೇ ಫ್ಯಾನ್. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಘಟಕ ಐಕ್ಯೂಎಸಿಗೆ ಜಿಯೋಟ್ಯಾಗ್ (ಜಾಗದ ಗುರುತಿರುವ) ಫೋಟೋ ಬೇಕು, ಅಟೆಂಡೆನ್ಸ್ ಶೀಟ್ ಬೇಕು. ಒಳಗೆ ಏನು ನಡೆಯಿತು ಅಂತ ಯಾರೂ ಕೇಳಲ್ಲ. ಹಿಂದಿನ ಸಾಲಿನಲ್ಲಿ ಗುಸುಗುಸು ನಡೆದಿತ್ತು. ಮಕ್ಕಳ ಹೆದರಿಕೆ ಹೋಗಲಿ ಅಂತ ಮೈಕ್ ಹಿಡಿದು ಹೇಳಿದೆ: “ನೋಡ್ರಿ, ಇದು ಹುಚ್ಚರಿಗೆ ಕೊಡೋ ಟ್ರೀಟ್‌ಮೆಂಟ್ ಅಲ್ಲ. ನಿಮ್ಮಂಥ ನಾರ್ಮಲ್ ಹುಡುಗರಿಗೆ.” ಎಲ್ಲರೂ ನಕ್ಕರು. ಸರಿಯಾಗಿ ಹೇಳಿದೆ ಅಂದುಕೊಂಡೆ.

ಉಸಿರಿನ ಕಡೆ ಗಮನ ಕೊಡಿ ಅಂದಾಗ ಮೂರನೇ ಸಾಲಿನ ಹುಡುಗಿಯೊಬ್ಬಳು ಕಣ್ಣು ಮುಚ್ಚಲಿಲ್ಲ. ವೇಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು. ಆಸಕ್ತಿ ಇಲ್ಲ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

ಸಂಜೆ ರೂಮಿಗೆ ಬೀಗ ಹಾಕುವಾಗ ಬಂದು ನಿಂತಳು. ಅಟೆಂಡರ್ ಮೆಟ್ಟಿಲು ಇಳಿಯೋವರೆಗೂ ಬಾಯಿ ಬಿಡಲಿಲ್ಲ. ಆಮೇಲೆ, “ಸರ್, ನಾ ಆರು ತಿಂಗಳಿಂದ ಗುಳಿಗಿ ತಗೊಳ್ಳಾಕತ್ತೀನ್ರಿ. ಹಂಗಾದ್ರ ಈ ಕ್ಲಾಸ್ ನನಗಲ್ಲೇನ್ರಿ?”

ಕೀಲಿ ಕೈಯಲ್ಲೇ ಉಳಿಯಿತು. ಏನಾದರೂ ಹೇಳಬೇಕು, ಮಾತೇ ಹೊರಡುತ್ತಿಲ್ಲ. ಅವಳು ಚಪ್ಪಲಿ ನೋಡುತ್ತಾ ಕಾಯುತ್ತಿದ್ದಾಳೆ. “ನಾನು ತಪ್ಪು ಹೇಳಿದೆ ಕಣಮ್ಮಾ, ಒಳಗೆ ಬಾ” ಅನ್ನುವ ಹೊತ್ತಿಗೆ ಅವಳ ಕಣ್ಣು ತುಂಬಿತ್ತು. ರೂಮ್‌ಮೇಟ್‌ಗೆ ಗೊತ್ತಾಗಬಾರದು ಅಂತ ಗುಳಿಗೆಗಳನ್ನು ವಿಟಮಿನ್ ಡಬ್ಬಿಯಲ್ಲಿ ಇಡ್ತಾಳಂತೆ. “ಯಾರೂ ಏನೂ ಅಂದಿಲ್ರಿ ಸರ್. ನನಗ ನಾನ ಸಣ್ಣಾಕಿ ಅನಸ್ತದ.”

ಸೆಲ್ಫ್ ಸ್ಟಿಗ್ಮಾ ಅಂದರೆ ಇದೇ. ಊರಿನವರ ಮಾತನ್ನು ಒಳಗೆ ತಂದಿಟ್ಟುಕೊಂಡು ಅದರಲ್ಲೇ ತನ್ನನ್ನು ಅಳೆಯೋದು. ‘ನಾನು ಕೈಲಾಗದವಳು’ ಅನ್ನೋದು ಬಂದುಹೋಗುವ ಒಂದು ಯೋಚನೆ, ಅದೇ ನಾನಲ್ಲ ಅಂತ ನೋಡಲು ಕಲಿಸೋದು ಮೈಂಡ್‌ಫುಲ್‌ನೆಸ್. ಅದನ್ನು ಕಲಿಸಬೇಕಾದವನೇ ಊರಿನವರ ಮಾತನ್ನು ಮೈಕಿನಲ್ಲಿ ಹೇಳಿದ್ದೆ.

ಈಗ ಬೇರೆ ಥರ ಶುರು ಮಾಡ್ತೀನಿ. ಮಾನಸಿಕ ಕಾಯಿಲೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಚಿಕಿತ್ಸೆ ಸಿಗಲಿ ಅಂತ ನಿಮ್ಹಾನ್ಸ್‌ನವರು 1985ರಲ್ಲಿ ಪ್ರಯೋಗ ಮಾಡಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಇದನ್ನು ಹೇಳಿದಾಗ ಮಕ್ಕಳು ತಲೆ ಎತ್ತಿ ನೋಡ್ತಾರೆ. ಗುಳಿಗೆ ತಗೊಳ್ಳುವವರೂ ಕೂರಬಹುದು, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ, ಕಣ್ಣು ಮುಚ್ಚಲೇಬೇಕು ಅಂತಿಲ್ಲ ಅಂತೀನಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬೋರ್ಡ್ ಮೇಲೆ ಬರೀತೀನಿ.

ಅವಳನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಫೋಟೋ ಈಗ ಹಿಂದಿನಿಂದ ಮಾತ್ರ. ಮುಖ ಕಾಣಲ್ಲ ಅಂತ ಐಕ್ಯೂಎಸಿಯವರು ಎರಡು ಸಲ ಫೈಲ್ ವಾಪಸ್ ಕಳಿಸಿದರು. ಮೂರನೇ ಸಲವೂ ಅದೇ ಫೋಟೋ ಇಟ್ಟು ಕೊಟ್ಟೆ.