ಗಂಜಾಂ ಅಂತ ಸರ್ಚ್ ಕೊಟ್ಟು ಕೆಟ್ಟೆವು

ನಿಮಿಷಾಂಬ ದೇವಸ್ಥಾನಕ್ಕೆ ಹೋಗೋರಿಗೆಲ್ಲ ಗಂಜಾಂ ಗೊತ್ತು, ಶ್ರೀರಂಗಪಟ್ಟಣದಲ್ಲಿ ಸಂಗಮದ ರಸ್ತೆ ಹಿಡಿದ್ರೆ ಸಿಗತ್ತೆ. ಒಡಿಶಾದಲ್ಲೂ ಒಂದು ಗಂಜಾಂ ಇದೆ, ಅದು ಇಡೀ ಒಂದು ಜಿಲ್ಲೆ, ಅದರ ಸಮುದ್ರದ ದಡದಲ್ಲಿ ಗೋಪಾಲ್‌ಪುರ ಅಂತ ಪುಟ್ಟ ಊರು, ಬ್ರಹ್ಮಪುರದಿಂದ ಹತ್ತಿರ ಹದಿನೈದು ಕಿಲೋಮೀಟರು. ಬ್ರಿಟಿಷರ ಕಾಲದಲ್ಲಿ ಸೆಕೆ ತಡೀಲಾರದವರು ಹೋಗಿ ಬೀಚಲ್ಲಿ ಬಿದ್ಕೋತಿದ್ದ ಜಾಗ. ಇಷ್ಟು ತಲೇಲಿಟ್ಕೊಂಡು ಮುಂದೆ ಓದಿ, ಯಾಕಂದ್ರೆ ನಮ್ಮ ಸ್ಟುಡಿಯೋದಲ್ಲಿ ಇದನ್ನ ಯಾರೂ ತಲೇಲಿಟ್ಕೊಂಡಿರ್ಲಿಲ್ಲ.

ಮೈಸೂರಲ್ಲಿ ಕೂತು ಗೋಪಾಲ್‌ಪುರದ ಇತಿಹಾಸ ಬರಿಯೋ ಕೆಲಸ ನಮಗೆ ಹೇಗೆ ಬಂತು ಅಂತ ಕೇಳಬೇಡಿ, ಬಾಸ್‌ಗೆ ಯಾರೋ ಪರಿಚಯ. ಅಲ್ಲಿನ ಒಂದು ಹೋಟೆಲಿನ ಲಾಬಿ ಗೋಡೆಗೆ ಹೆರಿಟೇಜ್ ಪ್ಯಾನೆಲ್‌ಗಳು. ಬ್ರೀಫ್‌ನಲ್ಲಿ ಇದ್ದಿದ್ದು ಒಂದೇ ಸಾಲು, ವಿಂಟೇಜ್ ಫೀಲ್ ಇರಲಿ, ಛತ್ರಿ ಹಿಡಿದ ಇಂಗ್ಲಿಷ್ ಮೇಡಂಗಳು, ಸೀ ಬಾತಿಂಗ್, ಆ ಥರ. ಸೈಟ್ ವಿಸಿಟ್ ಬಜೆಟ್ ಇಲ್ಲ, ಎಲ್ಲಾ ಆನ್‌ಲೈನಲ್ಲೇ ಸಿಗತ್ತಲ್ಲಾ ಅಂದ್ರು. ಶುಕ್ರವಾರ ಆರ್ಟ್‌ವರ್ಕ್ ಲಾಕ್.

ನಾನು ಒಡಿಶಾ ಅಂತ ಹುಡುಕಿದೆ, ಒರಿಸ್ಸಾ ಅಂತ ಹುಡುಕಿದೆ, ಹಳೇದು ಅಂತ ಸಿಗ್ತಿದ್ದಿದ್ದು ನಾಲ್ಕೇ ಸಾಲು, ಅದನ್ನೇ ಎಲ್ಲರೂ ಎಲ್ಲರಿಂದ ಕಾಪಿ ಹೊಡೆದಿದ್ರು. 1914ರಲ್ಲಿ ಒಬ್ಬ ಇಟಾಲಿಯನ್ ಶುರು ಮಾಡಿದ ಪಾಮ್ ಬೀಚ್ ಹೋಟೆಲು (ನಮ್ಮ ಕ್ಲೈಂಟ್ ಅದಲ್ಲ), ಲೈಟ್‌ಹೌಸು, ಹಾಳುಬಿದ್ದ ಬಂದರಿನ ಗೋಡೌನುಗಳು, ಅಲ್ಲಿಗೆ ಮುಗೀತು. ಅಷ್ಟರಲ್ಲಿ ನಮ್ಮ ಡಿಸೈನರ್ ಹುಡುಗ ಖುಷಿಯಿಂದ ಒಂದು ಹಳೇ ಪ್ರಿಂಟ್ ತಂದ. ಅಡೀಲಿ ಗಂಜಾಂ ಅಂತಿದೆ, 1790ರ ದಶಕದ್ದು, ಕಾಪಿರೈಟ್ ಕಾಟ ಇಲ್ಲ, ರೆಸಲ್ಯೂಶನ್ ಭರ್ಜರಿ. ನೀರು, ಮರಗಳ ಸಾಲು, ದೂರದಲ್ಲಿ ಒಂದು ಗುಮ್ಮಟ. ಓಪನಿಂಗ್ ಪ್ಯಾನೆಲ್‌ಗೆ ಹೇಳಿ ಮಾಡಿಸಿದ ಹಾಗಿತ್ತು. ಕ್ಯಾಪ್ಷನ್ ನಾನೇ ಬರೆದೆ. ಚೆನ್ನಾಗೂ ಬರೆದಿದ್ದೆ, ಅದು ಇನ್ನೂ ಬೇಜಾರು.

ಹೋಟೆಲಿನವರ ಜೊತೆ ವಿಡಿಯೋ ಕಾಲ್ ಶುರುವಾದಾಗ ಆ ಕಡೆ ಜನರಲ್ ಮ್ಯಾನೇಜರು, ಮಾರ್ಕೆಟಿಂಗ್‌ನವರು, ಮೂಲೇಲಿ ಅರ್ಧ ಮುಖ ಮಾತ್ರ ಕಾಣೋ ಹಾಗೆ ಅಕೌಂಟ್ಸ್‌ನ ಒಬ್ಬರು ಹಿರಿಯರು. ಮೊದಲ ಸ್ಲೈಡ್ ಬಂತು. ಜಿಎಮ್ಮು ಬ್ಯೂಟಿಫುಲ್ ಅಂದ್ರು. ಆಮೇಲೆ, ಇದು ಸಮುದ್ರದ ಥರ ಕಾಣ್ತಿಲ್ವಲ್ಲ, ಹೊಳೆ ಥರ ಇದೆ ಅಂದ್ರು. ಅದೇ ಹೊತ್ತಿಗೆ ನನ್ನ ಫೋನಿಗೆ ಪ್ರಿಂಟರ್ ಕಡೆಯಿಂದ ಫೋಟೋ, ಫಸ್ಟ್ ಪ್ಯಾನೆಲ್ ರೆಡಿ ಸಾರ್, ಲ್ಯಾಮಿನೇಷನ್‌ಗೆ ಹಾಕ್ತಿದ್ದೀವಿ ಅಂತ. ಅಪ್ರೂವಲ್ ಮುಂಚೆ ಪ್ರಿಂಟ್‌ಗೆ ಕಳಿಸಿದ್ದು ಯಾರು ಅನ್ನೋದು ಆಫೀಸಲ್ಲಿ ಈಗ್ಲೂ ಇತ್ಯರ್ಥ ಆಗಿಲ್ಲ.

ಬಾಸ್ ನನ್ನ ಕಡೆ ನೋಡಿದ್ರು. ನಾನು ಅನ್‌ಮ್ಯೂಟ್ ಮಾಡಿ, ಒಂಚೂರೂ ತಡವರಿಸದೆ, ಅದು ಋಷಿಕುಲ್ಯಾ ನದಿ ಸಾರ್, ಹಳೇ ಗಂಜಾಂ ಪಟ್ಟಣ ಆ ನದಿ ಸಮುದ್ರ ಸೇರೋ ಕಡೆ ಇತ್ತು, 1815ರಲ್ಲಿ ಜ್ವರ ಹರಡಿದ ಮೇಲೇ ಜಿಲ್ಲೆಯ ಕಚೇರಿಗಳು ಅಲ್ಲಿಂದ ಎದ್ದಿದ್ದು ಅಂದೆ. ಹೇಳಿದ್ದೆಲ್ಲ ನಿಜಾನೇ. ಚಿತ್ರಕ್ಕೂ ಅದಕ್ಕೂ ಸಂಬಂಧ ಇರ್ಲಿಲ್ಲ ಅಷ್ಟೆ. ಎಲ್ಲರೂ ತಲೆ ಆಡಿಸಿದ್ರು, ನನಗೂ ಗೆದ್ದೆ ಅನ್ನಿಸ್ತು. ಆಗ ಆ ಅರ್ಧ ಮುಖದ ಹಿರಿಯರು ಕ್ಯಾಮೆರಾ ಹತ್ರ ಬಂದು, ನಾನು ಹುಟ್ಟಿದ್ದೇ ಋಷಿಕುಲ್ಯಾ ದಡದಲ್ಲಿ, ಈ ಗುಮ್ಮಟ ಅಲ್ಲಿ ಎಲ್ಲಿದೆ ತೋರಿಸಿ ಅಂದ್ರು.

ಝೂಮ್ ಮಾಡಿದ್ವಿ. ಡಿಸೈನರ್ ಹುಡುಗ ಪಕ್ಕದಲ್ಲಿ ಉಸಿರು ಎಳ್ಕೊಂಡ ಸದ್ದು ಕೇಳಿಸ್ತು. ಅವನ ಪ್ರೀ ವೆಡ್ಡಿಂಗ್ ಶೂಟ್ ಆಗಿದ್ದೇ ಆ ಗುಂಬಜ್ ಮುಂದೆ! ನಮ್ಮ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಹೈದರ್, ಟಿಪ್ಪು ಮಲಗಿರೋ ಅದೇ ಗುಂಬಜು, ಅಲ್ಲಿನ ಲಾಲ್‌ಬಾಗಿನ ಸೈಪ್ರೆಸ್ ಸಾಲು, ಹಿಂದೆ ಕಾವೇರಿ. ಕಾರ್ನ್‌ವಾಲಿಸ್ ಸೈನ್ಯದ ಜೊತೆ ಬಂದ ಇಂಗ್ಲಿಷ್ ಚಿತ್ರಕಾರರು ಬರೆದಿದ್ದ ನೋಟಗಳಲ್ಲಿ ಒಂದು (ಆ ಮರಗಳನ್ನೇ 1792ರ ಮುತ್ತಿಗೆ ಸಾಮಾನಿಗೆ ಕಡಿದು ಹಾಕಿದ್ರು, ಅದು ಬೇರೆ ಕಥೆ). ನಾನು ಒಂದು ಕೈಲಿ ಪ್ರಿಂಟರ್‌ಗೆ ಸ್ಟಾಪ್ ಸ್ಟಾಪ್ ಅಂತ ಟೈಪ್ ಮಾಡ್ತಾ, ಬಾಯಲ್ಲಿ ಇಮೇಜ್ ಸೋರ್ಸ್ ಕ್ರಾಸ್ ಚೆಕ್ ಮಾಡ್ತೀವಿ ಸಾರ್ ಅಂತಿದ್ದೆ. ನೆಟ್‌ವರ್ಕ್ ಪ್ರಾಬ್ಲಂ ಅಂತ ಬಾಸ್ ಕಾಲ್ ಕಟ್ ಮಾಡಿದ್ರು. ನೆಟ್‌ವರ್ಕ್ ಚೆನ್ನಾಗೇ ಇತ್ತು.

ಸಂಜೆ ಆ ಹಿರಿಯರಿಗೆ ನಾನೇ ಫೋನ್ ಮಾಡಿದೆ, ಬೈತಾರೆ ಅನ್ಕೊಂಡು. ಅವರು ನಕ್ಕು ಹೇಳಿದ್ದು ಇಷ್ಟೇ, ಒರಿಸ್ಸಾದಲ್ಲಿ ಯಾಕೆ ಹುಡುಕ್ತೀರಿ, ನಾವು ಮದ್ರಾಸಿನವರು.

ನಿಜ. 1936ರ ಏಪ್ರಿಲ್ 1ಕ್ಕೆ ಒರಿಸ್ಸಾ ಪ್ರಾಂತ್ಯ ಆಗೋವರೆಗೂ ಗೋಪಾಲ್‌ಪುರ ಇದ್ದಿದ್ದು ಮದ್ರಾಸ್ ಪ್ರೆಸಿಡೆನ್ಸೀಲಿ. ಕಲೆಕ್ಟರ್ ಪತ್ರ, ಬಂದರಿನ ಲೆಕ್ಕ, ಎಲ್ಲಾ ಹೋಗ್ತಿದ್ದಿದ್ದು ಮದ್ರಾಸಿಗೆ, ಇವತ್ತಿಗೂ ಹುಡುಕೋದಾದ್ರೆ ಚೆನ್ನೈನ ಎಗ್ಮೋರಿನ ಆರ್ಕೈವ್ಸಲ್ಲಿ ಹುಡುಕಬೇಕು. ಮದ್ರಾಸ್ ಅಂತ ಸೇರಿಸಿ ಕೊಟ್ಟ ತಕ್ಷಣ 1882ರ ಜಿಲ್ಲಾ ಮ್ಯಾನ್ಯುಯಲ್ ಸ್ಕ್ಯಾನ್ ಕಣ್ಮುಂದೆ ಬಂತು. ಬಳ್ಳಾರಿ ಮಂಗಳೂರು ಕೂಡ ಅದೇ ಮದ್ರಾಸಲ್ಲಿದ್ವು ಅಂತ ಸ್ಕೂಲಲ್ಲೇ ಓದಿರ್ತೀವಿ, ಆದ್ರೆ ಬೇರೆಯವರ ಊರಿಗೆ ಅದೇ ಲೆಕ್ಕ ಹಾಕೋಕೆ ಹೊಳಿಯಲ್ಲ ನೋಡಿ.

ಅಲ್ಲಿಂದ ಊರು ಬೇರೇನೇ ಕಾಣೋಕೆ ಶುರುವಾಯ್ತು. ಗೋಪಾಲ್‌ಪುರದಲ್ಲಿ ಹಡಗು ದಡಕ್ಕೆ ಬರ್ತಿರ್ಲಿಲ್ಲ, ತೆರೆದ ಸಮುದ್ರ, ದೂರದಲ್ಲೇ ಲಂಗರು. ಜನ ಸಾಮಾನು ಎಲ್ಲಾ ಮಸೂಲಾ ದೋಣೀಲಿ ಹೋಗಬೇಕು. ಆ ದೋಣಿಗೆ ಮೊಳೆ ಇಲ್ಲ, ಹಲಗೆಗಳನ್ನ ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದಿರ್ತಾರೆ, ಅಲೆ ಬಡಿದಾಗ ಮೊಳೆ ಹೊಡೆದ ದೋಣಿ ಬಿರಿಯತ್ತೆ, ಇದು ಬಳುಕಿ ತಡ್ಕೊಳತ್ತೆ. ಹಾಗೆ ಹತ್ತಿಸ್ಕೊಂಡು ಹೋಗ್ತಿದ್ದಿದ್ದು ಮೇಡಂಗಳನ್ನಲ್ಲ, ಬರ್ಮಾದ ರಂಗೂನಿಗೆ ಕೂಲಿಗೆ ಹೊರಟ ಗಂಜಾಂ ಜಿಲ್ಲೆಯ ರೈತ ಮಕ್ಕಳನ್ನ. ಅಕ್ಕಿ ಮಿಲ್ಲು, ಬಂದರು, ಎಲ್ಲಾದ್ರೂ ದುಡಿಮೆ. 1942ರ ಮಾರ್ಚಲ್ಲಿ ರಂಗೂನು ಜಪಾನಿಯರ ಕೈಗೆ ಹೋಯ್ತು, ಆ ದಾರಿ ಕಟ್ ಆಯ್ತು, ಬಂದರು ಕೂಡ ಮಂಕಾಯ್ತು. ಆ ಪಾಳು ಗೋಡೌನುಗಳ ಮುಂದೆ ಇವತ್ತು ಟೂರಿಸ್ಟ್‌ಗಳು ಸೆಲ್ಫಿ ತಗೋತಾರಲ್ಲ, ಅದರ ಹಿನ್ನೆಲೆ ಇದು.

ಇದನ್ನ ಪ್ಯಾನೆಲ್ ಮಾಡಿ ಕಳಿಸಿದ್ರೆ ಮಾರ್ಕೆಟಿಂಗ್‌ನವರು ನೆಗೆಟಿವ್ ಆಯ್ತು ಅಂದ್ರು. ಗೆಸ್ಟ್‌ಗಳು ರಜಾ ಕಳಿಯೋಕೆ ಬರ್ತಾರೆ, ಕೂಲಿ ಕಥೆ ಯಾಕೆ ಅಂತ. ನಮ್ಮ ಬಾಸ್ ತಕ್ಷಣ ಹೂಂ ಅಂದ್ರು. ಬಿಡದೆ ವಾದ ಮಾಡಿದ್ದು ಆ ಅಕೌಂಟ್ಸ್ ಹಿರಿಯರೇ, ಅವರ ಮನೇಲೂ ರಂಗೂನಿಗೆ ಹೋದವರು ಇದ್ರಂತೆ. ಕೊನೆಗೆ ಲಾಬೀಲಿ ಬೇಡ, ಲಿಫ್ಟ್ ಪಕ್ಕ ಇರಲಿ ಅಂತ ರಾಜಿ ಆಯ್ತು. ಲಿಫ್ಟ್‌ಗೆ ಕಾಯೋರು ಓದೇ ಓದ್ತಾರೆ, ಲಾಬೀಲಿ ಯಾರು ಓದ್ತಾರೆ ಅಂತ ನಾನೇನು ಅವರಿಗೆ ಹೇಳೋಕೆ ಹೋಗ್ಲಿಲ್ಲ.

ನಮ್ಮ ಮ್ಯಾನೇಜ್‌ಮೆಂಟ್ ಪಾಠ ಕಲಿತಿದ್ದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಈಗ ಪ್ರತಿ ಇಮೇಜ್‌ಗೂ ಒಂದು ಫಾರ್ಮು, ಅದರಲ್ಲಿ ಪಿಕ್ಸೆಲ್ ಸೈಜ್ ಕೇಳ್ತಾರೆ, ಊರು ಯಾವ್ದು ಅಂತ ಕೇಳಲ್ಲ. ನಾನು ನನ್ನ ಶೀಟಲ್ಲಿ ನನ್ನಷ್ಟಕ್ಕೆ ಒಂದು ಕಾಲಂ ಹಾಕ್ಕೊಂಡಿದ್ದೀನಿ, ಆಗ ಈ ಊರು ಯಾರ ಕೈಲಿತ್ತು ಅಂತ. ಮುಂದಿನ ಎನ್‌ಕ್ವೈರಿ ತಮಿಳುನಾಡಿನ ತರಂಗಂಬಾಡಿಯಿಂದ ಬಂದಿದೆ. ಆ ಕಾಲಂ ತುಂಬಿಸಿದೆ, 1620ರಿಂದ 1845ರವರೆಗೆ ಡೆನ್ಮಾರ್ಕ್. ಹಳೇ ದಾಖಲೆ ಕೋಪನ್‌ಹೇಗನ್ನಲ್ಲಿರತ್ತೆ, ಡೇನಿಶ್ ಓದೋರು ಬೇಕಾಗ್ತಾರೆ ಅಂದೆ. ಬಾಸ್ ಒಂದು ನಿಮಿಷ ಸುಮ್ನಿದ್ದು, ಮೈಸೂರು ಯೂನಿವರ್ಸಿಟೀಲಿ ಯಾರಾದ್ರೂ ಫ್ರೀಯಾಗಿ ಸಿಗ್ತಾರಾ ನೋಡಿ ಅಂದ್ರು.